ಕೈತೋಟಕ್ಕೆ ಅಲಂಕಾರದ ಬಿದಿರು: ಆರಿಸುವುದು, ನೆಡುವುದು, ಸವರುವುದು

ಬಿದಿರು ಕೊಳ್ಳಲು ಹೋದವರು ಸಾಮಾನ್ಯವಾಗಿ ಬಣ್ಣ ನೋಡಿ ಮನಸೋಲುತ್ತಾರೆ. ಹಳದಿ ಬೊಂಬಿನ ಮೇಲೆ ಹಸಿರು ಗೆರೆ, ಇಲ್ಲವೇ ಮಿರಿಮಿರಿ ಮಿಂಚುವ ಕಪ್ಪು ಬೊಂಬು ಕಣ್ಣಿಗೆ ಬಿದ್ದರೆ ಯಾರಿಗಾದರೂ ಆಸೆಯಾಗುತ್ತದೆ. ಆಸೆಪಡಿ, ತಪ್ಪಿಲ್ಲ. ಆದರೆ ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಇದರ ಗೆಡ್ಡೆ ಮಣ್ಣಿನೊಳಗೆ ಹೇಗೆ ಬೆಳೆಯುತ್ತದೆ? ಐದಾರು ವರ್ಷ ಕಳೆದ ಮೇಲೆ ಗಿಡ ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತದೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಬೆಚ್ಚಗಿನ ಹವೆಯಲ್ಲಿ ಬಿದಿರಿನಷ್ಟು ಸುಲಭವಾಗಿ ಬೆಳೆಯುವ, ಬೇಗ ಮರೆ ಕೊಡುವ ಗಿಡ ಇನ್ನೊಂದು ಸಿಗುವುದು ಕಷ್ಟ. ಉತ್ತರ ತಿಳಿಯದೆ ನೆಟ್ಟ ಗಿಡವನ್ನು ಮುಂದೆ ಕೀಳಿಸುವುದಕ್ಕೆ ನೆಟ್ಟದ್ದಕ್ಕಿಂತ ಹತ್ತು ಪಟ್ಟು ಶ್ರಮ ಬೇಕಾಗುತ್ತದೆ.

ಮೊದಲು ಗೆಡ್ಡೆಯ ಗುಣ ನೋಡಿ

ಬಿದಿರು ಹುಲ್ಲಿನ ಜಾತಿಯದು. ಮಣ್ಣಿನೊಳಗಿನ ಗೆಡ್ಡೆಯೇ ಅದರ ಜೀವ. ಈ ಗೆಡ್ಡೆ ಬೆಳೆಯುವ ರೀತಿ ಎರಡು. ಒಂದು, ಮೆಳೆ ಕಟ್ಟುವ ಬಿದಿರು. ಇದರ ಗೆಡ್ಡೆ ದಪ್ಪ, ಗಿಡ್ಡ. ಸ್ವಲ್ಪ ದೂರ ಹೋಗಿ ಮೇಲಕ್ಕೆ ಬಾಗಿ ಅಲ್ಲೇ ಕಳಲೆಯಾಗಿ ಏಳುತ್ತದೆ. ಹಾಗಾಗಿ ಮೆಳೆ ವರ್ಷಕ್ಕೆ ಕೆಲವು ಇಂಚು ಮಾತ್ರ ಅಗಲವಾಗುತ್ತದೆ, ದೊಡ್ಡ ಜಾತಿಯಾದರೆ ಒಂದಡಿ ಆಗಬಹುದು. ಇನ್ನೊಂದು, ಓಡುವ ಬಿದಿರು. ಇದರ ಗೆಡ್ಡೆ ತೆಳ್ಳಗೆ, ಉದ್ದಕ್ಕೆ ಹಗ್ಗದ ಹಾಗೆ ಹರಿಯುತ್ತದೆ. ಈ ವರ್ಷ ಇಲ್ಲಿದ್ದ ಗಿಡ ಮುಂದಿನ ವರ್ಷ ಹತ್ತಡಿ ಆಚೆ, ಪಕ್ಕದವರ ಅಂಗಳದಲ್ಲಿ ತಲೆ ಎತ್ತಬಹುದು.

ಬೆಚ್ಚಗಿನ ಹವೆಯವರಿಗೆ ನನ್ನ ಸಲಹೆ ನೇರ: ಮೆಳೆ ಕಟ್ಟುವುದನ್ನೇ ಆರಿಸಿ. ಬ್ಯಾಂಬೂಸಾ, ಡೆಂಡ್ರೋಕಲಾಮಸ್, ಥೈರ್ಸೋಸ್ಟ್ಯಾಕಿಸ್, ಜೈಗಾಂಟೋಕ್ಲೋವಾ ಕುಲದ ಬಿದಿರುಗಳೆಲ್ಲ ಮೆಳೆಯವು, ಸೆಕೆಯ ನಾಡಿನವು. ಅವಕ್ಕೆ ಬಿಸಿಲು, ಮಳೆ ಎರಡೂ ಒಗ್ಗುತ್ತವೆ. ಓಡುವವುಗಳಲ್ಲಿ ಹೆಸರಾದ ಫಿಲ್ಲೋಸ್ಟ್ಯಾಕಿಸ್ ಕುಲಕ್ಕೆ ಸ್ವಲ್ಪ ಚಳಿಗಾಲ ಇದ್ದರೇ ಹಿತ. ಫಾರ್ಗೇಸಿಯಾ ಎಂಬ ಕುಲವೂ ಮೆಳೆ ಕಟ್ಟುತ್ತದೆ, ಆದರೆ ಅದು ತಂಪು ಬೆಟ್ಟಗಳದು. ಸೆಕೆಗೆ ಬಾಡಿ ಹೋಗುತ್ತದೆ.

ಹೆಸರಿನ ಚೀಟಿ ಕಳೆದುಹೋದ ಸಸಿಯನ್ನೂ ಗುರುತಿಸಬಹುದು. ಟೊಂಗೆ ಹೊರಟ ಗೆಣ್ಣಿನಿಂದ ಸ್ವಲ್ಪ ಮೇಲೆ ಬೊಂಬನ್ನು ಬೆರಳಲ್ಲಿ ಸವರಿ ನೋಡಿ. ಉದ್ದಕ್ಕೆ ಒಂದು ಚಪ್ಪಟೆ ತೋಡು ಸಿಕ್ಕಿತೇ? ಒಂದೊಂದು ಗೆಣ್ಣಿಗೆ ಎರಡೇ ಮುಖ್ಯ ಟೊಂಗೆ ಇವೆಯೇ? ಹಾಗಿದ್ದರೆ ಅದು ಫಿಲ್ಲೋಸ್ಟ್ಯಾಕಿಸ್, ಅಂದರೆ ಓಡುವ ಬಿದಿರು. ಬೊಂಬು ಸುತ್ತಲೂ ಗುಂಡಗಿದ್ದು ಗೆಣ್ಣಿನಲ್ಲಿ ಟೊಂಗೆಗಳ ಗೊಂಚಲೇ ಇದ್ದರೆ ಬ್ಯಾಂಬೂಸಾ ಇರುವ ಸಾಧ್ಯತೆ ಜಾಸ್ತಿ. ಇನ್ನೂ ಅನುಮಾನವಿದ್ದರೆ ಸಸಿಯನ್ನು ಕವರಿನಿಂದ ಮೆಲ್ಲಗೆ ಎತ್ತಿ ಬೇರು ನೋಡಿ. ತೆಳು ಗೆಡ್ಡೆ ಕುಂಡದ ಗೋಡೆಯುದ್ದಕ್ಕೂ ಸುತ್ತಿಕೊಂಡಿದ್ದು, ಮೊಳಕೆ ಅಂಚಿನಲ್ಲಿ ಎದ್ದಿದ್ದರೆ ಅದು ಓಡುವುದೇ.

ಅಂದಹಾಗೆ, ನೀರಿನ ಲೋಟದಲ್ಲಿಟ್ಟು ಮಾರುವ ‘ಲಕ್ಕಿ ಬ್ಯಾಂಬೂ’ ಬಿದಿರೇ ಅಲ್ಲ, ಡ್ರಸೀನಾ ಎಂಬ ಬೇರೆ ಗಿಡ. ಅದನ್ನು ತಂದು ಬೇಲಿಯಲ್ಲಿ ನೆಟ್ಟರೆ ಮರೆ ಆಗುವುದಿಲ್ಲ.

ಜಾಗ ಅಳೆಯಿರಿ

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಬಿದಿರಿಗೆ ನೀರು ಇಷ್ಟ, ಆದರೆ ಬೇರು ನೀರಲ್ಲಿ ಮುಳುಗಿ ಕೂತರೆ ಗೆಡ್ಡೆ ಕೊಳೆಯುತ್ತದೆ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಬಿಡಿ. ಕೆಲವು ಗಂಟೆಗಳಲ್ಲಿ ಇಂಗಿದರೆ ಸರಿ. ಮರುದಿನವೂ ನಿಂತಿದ್ದರೆ ಅಲ್ಲಿ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು.

ಮೇಲೆ ನೋಡುವುದನ್ನೂ ಮರೆಯಬೇಡಿ. ಕರೆಂಟ್ ತಂತಿ, ಮಾಳಿಗೆಯ ಅಂಚು, ನೀರಿನ ದೋಣಿ ಎಲ್ಲ ಎಷ್ಟು ದೂರದಲ್ಲಿವೆ ಎಂದು ಲೆಕ್ಕ ಹಾಕಿ. ಬೊಂಬು ನೆಟ್ಟಗೆ ನಿಂತಿದ್ದರೂ ಜೋರು ಮಳೆಗೆ ಎಲೆ ನೆನೆದು ಭಾರವಾದಾಗ ತುದಿ ಹಲವು ಅಡಿ ಬಾಗುತ್ತದೆ. ಬಿದಿರು ವರ್ಷವಿಡೀ ಎಲೆ ಉದುರಿಸುತ್ತದೆ ಕೂಡ. ಈಜುಕೊಳ ಅಥವಾ ತೆರೆದ ನೀರಿನ ತೊಟ್ಟಿ ಪಕ್ಕದಲ್ಲಿ ನೆಟ್ಟರೆ ದಿನಾ ಎಲೆ ಎತ್ತುವ ಕೆಲಸ ಅಂಟಿಕೊಳ್ಳುತ್ತದೆ.

ಗೋಡೆ, ಕಾಂಪೌಂಡು, ಕಲ್ಲು ಹಾಸಿದ ದಾರಿಯಿಂದ ಸಣ್ಣ ಜಾತಿಗಳನ್ನು ಕನಿಷ್ಠ ಮೂರ್ನಾಲ್ಕು ಅಡಿ, ದೊಡ್ಡವನ್ನು ಹತ್ತಡಿಗಿಂತ ಆಚೆ ಇಡಿ. ಮೆಳೆಯ ಸುತ್ತ ಒಬ್ಬ ಮನುಷ್ಯ ಗರಗಸ ಹಿಡಿದು ಓಡಾಡಲು ಜಾಗ ಇರಲೇಬೇಕು. ಗೋಡೆಗೆ ಒತ್ತಿ ಬೆಳೆದ ಮೆಳೆಯ ಹಿಂಬದಿಗೆ ಕೈ ಹೋಗುವುದೇ ಇಲ್ಲ. ಅಲ್ಲಿ ಒಣಗಿದ ಬೊಂಬು ತುಂಬಿ, ಮುಂದೆ ಅದನ್ನು ಸರಿಮಾಡಲು ಯಾರಿಂದಲೂ ಆಗುವುದಿಲ್ಲ.

ಯಾವುದನ್ನು ಆರಿಸುವುದು?

ಬೇಲಿಗೆ, ಮರೆಗೆ ಬೇಕಾದರೆ ನನ್ನ ಮೊದಲ ಆಯ್ಕೆ ಬ್ಯಾಂಬೂಸಾ ಟೆಕ್ಸ್ಟಿಲಿಸ್ ಜಾತಿಯ ‘ಗ್ರಾಸಿಲಿಸ್’. ಇಪ್ಪತ್ತರಿಂದ ಇಪ್ಪತ್ತೈದು ಅಡಿ ಎತ್ತರ, ಒಂದಿಂಚು ದಪ್ಪದ ಬೊಂಬು, ನೆಟ್ಟಗಿನ ನಿಲುವು. ಬುಡದ ಕಡೆ ಟೊಂಗೆ ಕಮ್ಮಿ, ತುದಿ ಮಾತ್ರ ಮೃದುವಾಗಿ ಬಾಗುತ್ತದೆ. ಅಗಲ ಕಮ್ಮಿ ಇರುವ ಪಟ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ನೆಲದಿಂದಲೇ ದಟ್ಟ ಎಲೆ ಬೇಕೆನ್ನುವವರಿಗೆ ಬ್ಯಾಂಬೂಸಾ ಮಲ್ಟಿಪ್ಲೆಕ್ಸ್. ಇದರಲ್ಲಿ ‘ಆಲ್ಫಾನ್ಸ್ ಕಾರ್’ ಎಂಬ ತಳಿ ತುಂಬ ಚೆಂದ. ಹಳದಿ ಬೊಂಬಿನ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಗೆರೆ. ಹೊಸ ಬೊಂಬಿಗೆ ಬಿಸಿಲು ತಾಗಿದರೆ ತಿಳಿ ಗುಲಾಬಿ ಛಾಯೆಯೂ ಬರುತ್ತದೆ. ಇನ್ನೂ ಸಣ್ಣದು ಬೇಕಾದರೆ ಇದೇ ಜಾತಿಯಲ್ಲಿ ಜರೀಗಿಡದಂಥ ಪುಟ್ಟ ಎಲೆಯ ತಳಿಗಳಿವೆ. ಅವು ಕುಂಡಕ್ಕೂ ಹೊಂದುತ್ತವೆ.

ದೊಡ್ಡ ತೋಟದಲ್ಲಿ ದೂರದಿಂದ ಕಣ್ಣು ಸೆಳೆಯಬೇಕಾದರೆ ಬ್ಯಾಂಬೂಸಾ ವಲ್ಗ್ಯಾರಿಸ್ ‘ವಿಟಾಟಾ’. ಮೂರ್ನಾಲ್ಕು ಇಂಚು ದಪ್ಪದ ಚಿನ್ನದ ಬಣ್ಣದ ಬೊಂಬು, ಕುಂಚದಲ್ಲಿ ಎಳೆದಂಥ ಹಸಿರು ಗೆರೆ. ನಲವತ್ತು ಅಡಿ ದಾಟಬಲ್ಲದು, ಆದ್ದರಿಂದ ಚಿಕ್ಕ ಅಂಗಳಕ್ಕೆ ಬೇಡ. ಇದರಲ್ಲಿ ಒಂದು ಎಚ್ಚರ: ಆಗಾಗ ಪೂರ್ತಿ ಹಸಿರು ಬೊಂಬು ಹುಟ್ಟುತ್ತದೆ. ಅದನ್ನು ಬುಡದಲ್ಲೇ ತೆಗೆಯಿರಿ. ಬಿಟ್ಟರೆ ಹಸಿರಿನದೇ ಮೇಲುಗೈ ಆಗಿ ಚಿನ್ನದ ಬಣ್ಣ ಹಿಂದೆ ಬೀಳುತ್ತದೆ.

ಕಪ್ಪು ಬಿದಿರು ಬೇಕೆನ್ನುವವರು ಟಿಮೋರ್ ದ್ವೀಪದ ಬ್ಯಾಂಬೂಸಾ ಲಾಕೊ ಅಥವಾ ಜಾವಾದ ಕಪ್ಪು ಬಿದಿರು ಜೈಗಾಂಟೋಕ್ಲೋವಾ ಅಟ್ರೋವಯೋಲೇಸಿಯಾ ಹುಡುಕಿ. ಎರಡೂ ಎತ್ತರದವು, ಮೆಳೆಯವು. ಕಳಲೆ ಏಳುವಾಗ ಬೊಂಬು ಹಸಿರೇ ಇರುತ್ತದೆ, ತಿಂಗಳುಗಳು ಕಳೆದಂತೆ ಕಪ್ಪಾಗುತ್ತದೆ. ಹಸಿರು ಬಂತೆಂದು ಗಾಬರಿಯಾಗಬೇಡಿ. ‘ಕಪ್ಪು ಬಿದಿರು’ ಎಂಬ ಇದೇ ಹೆಸರಲ್ಲಿ ಫಿಲ್ಲೋಸ್ಟ್ಯಾಕಿಸ್ ನೈಗ್ರಾ ಕೂಡ ಸಿಗುತ್ತದೆ, ಅದು ಓಡುವುದು. ಹೀಗಾಗಿ ಸಸಿ ಕೊಳ್ಳುವಾಗ ಪೂರ್ತಿ ಹೆಸರು ಕೇಳಿ.

ಗೆಣ್ಣುಗಳ ನಡುವೆ ಹೊಟ್ಟೆ ಉಬ್ಬಿದಂತೆ ಕಾಣುವ ‘ಬುದ್ಧ ಬೆಲ್ಲಿ’ ಬಿದಿರಿನ ಗುಣವನ್ನೂ ತಿಳಿದಿರಿ. ಆ ಹೆಸರಲ್ಲಿ ಸಿಗುವ ಬ್ಯಾಂಬೂಸಾ ವೆಂಟ್ರಿಕೋಸಾ ಕುಂಡದಲ್ಲಿ, ಕಮ್ಮಿ ನೀರಿನಲ್ಲಿ ಇದ್ದಾಗ ಉಬ್ಬುತ್ತದೆ. ನೆಲಕ್ಕೆ ಹಾಕಿ ಚೆನ್ನಾಗಿ ನೀರು ಗೊಬ್ಬರ ಕೊಟ್ಟರೆ ನೆಟ್ಟಗೆ ಬೆಳೆದು ಮಾಮೂಲಿ ಬಿದಿರಾಗಿಬಿಡುತ್ತದೆ. ನೆಲದಲ್ಲೂ ಉಬ್ಬೇ ಬೇಕಾದರೆ ವಲ್ಗ್ಯಾರಿಸ್ ಜಾತಿಯ ‘ವಾಮಿನ್’ ತಳಿ ನೆಡಿ.

ಡೆಂಡ್ರೋಕಲಾಮಸ್ ಜೈಗ್ಯಾಂಟಿಯಸ್ ನೋಡಲು ಭವ್ಯ. ನೂರಡಿವರೆಗೂ ಏರಬಲ್ಲದು. ಅದರ ಜಾಗ ಎಕರೆಗಟ್ಟಲೆ ತೋಟ.

ಸಸಿ ನೋಡುವುದು, ನೆಡುವುದು

ಎತ್ತರದ ಒಂದೇ ಒಂದು ಬೊಂಬು ಇರುವ ಸಸಿಗಿಂತ ಮೂರ್ನಾಲ್ಕು ಸಣ್ಣ ಬೊಂಬು ಇರುವ ಸಸಿ ಮೇಲು. ಎತ್ತರ ನೋಡಿ ಮೋಸ ಹೋಗಬೇಡಿ, ಈಗಿರುವ ಬೊಂಬು ಇನ್ನು ಎತ್ತರವಾಗುವುದಿಲ್ಲ. ಮುಂದೆ ಬರುವ ಕಳಲೆಗಳೇ ನಿಮ್ಮ ಮೆಳೆ. ಬುಡದಲ್ಲಿ ಹೊಸ ಮೊಳಕೆಯ ಮೂತಿ ಕಾಣುತ್ತಿದ್ದರೆ ಕಣ್ಣು ಮುಚ್ಚಿ ತನ್ನಿ. ತುದಿಗಳಲ್ಲಿ ಒಣ ಹುಲ್ಲಿನಂಥ ಹೂವಿನ ತೆನೆ ಇದ್ದರೆ ಬಿಟ್ಟುಬಿಡಿ.

ನೆಡಲು ಮಳೆಗಾಲದ ಶುರು ಒಳ್ಳೆಯದು. ಮೊದಲು ಸಸಿಯನ್ನು ಕುಂಡದ ಸಮೇತ ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಒಣಗಿದ ಬೇರುಂಡೆಯನ್ನು ಹಾಗೇ ನೆಟ್ಟರೆ ಸುತ್ತ ಎಷ್ಟು ನೀರು ಹಾಕಿದರೂ ಒಳಗೆ ಇಳಿಯುವುದಿಲ್ಲ. ಗುಂಡಿ ಬೇರುಂಡೆಯ ಎರಡು ಪಟ್ಟು ಅಗಲ ಇರಲಿ, ಆಳ ಮಾತ್ರ ಅಷ್ಟೇ. ತೆಗೆದ ಮಣ್ಣಿಗೆ ಮೂರರಲ್ಲೊಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ. ಸಸಿ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅದೇ ಮಟ್ಟಕ್ಕೆ ನಿಲ್ಲಿಸಿ ಮಣ್ಣು ತುಂಬಿ, ಕಾಲಲ್ಲಿ ಮೆತ್ತಗೆ ಒತ್ತಿ, ಸುತ್ತ ಪಾತಿ ಕಟ್ಟಿ ಧಾರಾಳವಾಗಿ ನೀರು ಕೊಡಿ. ಆಮೇಲೆ ಮೂರ್ನಾಲ್ಕು ಇಂಚು ದಪ್ಪ ಒಣ ಎಲೆಯ ಹೊದಿಕೆ ಹಾಸಿ, ಬೊಂಬಿನ ಬುಡಕ್ಕೆ ಒತ್ತದಂತೆ ಸ್ವಲ್ಪ ಬಿಟ್ಟು. ಗಾಳಿ ಜೋರಿದ್ದ ಕಡೆ ಊರುಗೋಲು ಕೊಟ್ಟು ಕಟ್ಟಿ. ಗಿಡ ಅಲ್ಲಾಡುತ್ತಿದ್ದರೆ ಹೊಸ ಬೇರು ತುಂಡಾಗುತ್ತದೆ.

ಬೇಲಿಗೆ ಸಾಲಾಗಿ ನೆಡುವಾಗ ಮಲ್ಟಿಪ್ಲೆಕ್ಸ್, ಗ್ರಾಸಿಲಿಸ್‌ಗಳಿಗೆ ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಸಾಕು. ಬೇಗ ಮುಚ್ಚಲಿ ಎಂದು ಎರಡಡಿಗೆ ಒಂದರಂತೆ ನೆಡುವವರಿದ್ದಾರೆ. ಮೊದಲ ವರ್ಷ ಚೆಂದ ಕಾಣುತ್ತದೆ, ಮುಂದೆ ಎಲ್ಲ ಒಂದಕ್ಕೊಂದು ಹೆಣೆದು ಸವರಲು ದಾರಿಯೇ ಉಳಿಯುವುದಿಲ್ಲ.

ನೀರು, ಗೊಬ್ಬರ, ಮತ್ತು ತಾಳ್ಮೆ

ಮೊದಲ ಎರಡು ವರ್ಷ ನೀರಿನ ಮೇಲೆ ಗಮನ ಇರಲಿ. ಗಿಡವೇ ನಿಮಗೆ ಹೇಳುತ್ತದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಎಲೆಗಳು ಉದ್ದಕ್ಕೆ ಸುರುಳಿಯಾಗಿ ಸೂಜಿಯಂತೆ ಕಾಣುತ್ತವೆ. ಸಂಜೆ ತಂಪಿಗೆ ಬಿಚ್ಚಿಕೊಂಡರೆ ಚಿಂತೆಯಿಲ್ಲ, ಅದು ಬಿಸಿಲಿನಿಂದ ತಪ್ಪಿಸಿಕೊಳ್ಳುವ ಉಪಾಯ. ಬೆಳಿಗ್ಗೆ ಏಳಕ್ಕೂ ಸುರುಳಿಯಾಗೇ ಇದ್ದರೆ ನೀರು ಸಾಲುತ್ತಿಲ್ಲ. ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಒಂದಡಿ ಆಳದವರೆಗೆ ಮಣ್ಣು ನೆನೆಯುವಷ್ಟು ಹಾಕಿ. ಎಲೆ ಸುರುಳಿಯಾಗದೆ ಜೋತುಬಿದ್ದು ಹಳದಿಯಾಗುತ್ತಿದ್ದರೆ ನೀರು ಜಾಸ್ತಿಯಾಗಿದೆ. ಹೊಸ ಎಲೆ ಬರುವ ಕಾಲದಲ್ಲಿ ಹಳೆ ಎಲೆ ಹಳದಿಯಾಗಿ ಉದುರುವುದು ಮಾತ್ರ ಸಹಜ.

ಹುಲ್ಲಿನ ಜಾತಿಯಾದ್ದರಿಂದ ಸಾರಜನಕ ಬೇಕು. ಕಳಲೆ ಏಳುವ ಮೊದಲೊಮ್ಮೆ, ಬೆಳವಣಿಗೆಯ ನಡುವೆ ಇನ್ನೊಮ್ಮೆ ಕಳಿತ ಗೊಬ್ಬರ ಹಾಕಿದರೆ ಸಾಕು. ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ. ಅದರಲ್ಲಿ ಬಿದಿರಿಗೆ ಬೇಕಾದ ಸಿಲಿಕಾ ಇದೆ, ಬುಡದಲ್ಲೇ ಬಿಡಿ.

ಇನ್ನು ತಾಳ್ಮೆಯ ಮಾತು. ಮೊದಲ ವರ್ಷ ಗಿಡ ಏನೂ ಮಾಡದಂತೆ ಕಾಣುತ್ತದೆ. ಕೆಲಸವೆಲ್ಲ ಮಣ್ಣಿನೊಳಗೆ ನಡೆದಿರುತ್ತದೆ. ಬಿದಿರಿನ ಬೊಂಬು ಮರದ ಹಾಗೆ ವರ್ಷವರ್ಷ ದಪ್ಪವಾಗುವುದಿಲ್ಲ. ಕಳಲೆ ಎಷ್ಟು ದಪ್ಪಕ್ಕೆ ಮಣ್ಣಿನಿಂದ ಏಳುತ್ತದೋ ಅದೇ ಅದರ ಕೊನೆಯ ದಪ್ಪ. ಹಳೆ ರೇಡಿಯೋದ ಏರಿಯಲ್ ಎಳೆದ ಹಾಗೆ ಗೆಣ್ಣುಗಳ ನಡುವಿನ ಭಾಗ ಉದ್ದವಾಗುತ್ತ, ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟಿ ನಿಲ್ಲುತ್ತದೆ. ಕೆಲವು ಜಾತಿಗಳ ಕಳಲೆ ದಿನಕ್ಕೆ 91 ಸೆಂಟಿಮೀಟರ್‌ವರೆಗೆ ಬೆಳೆದದ್ದು ದಾಖಲಾಗಿದೆ. ಗೆಡ್ಡೆ ಬಲಿತಂತೆ ಪ್ರತಿ ವರ್ಷದ ಕಳಲೆ ಹಿಂದಿನದಕ್ಕಿಂತ ದಪ್ಪ, ಎತ್ತರ. ಹೀಗಾಗಿ ಮೊದಲ ಎರಡು ವರ್ಷ ಕತ್ತರಿ ಮುಟ್ಟಿಸಬೇಡಿ. ತೆಳು ಬೊಂಬುಗಳ ಎಲೆಯೇ ಗೆಡ್ಡೆಗೆ ಆಹಾರ ಒದಗಿಸುವುದು.

ಮೆಳೆ ಕಟ್ಟುವ ಬಿದಿರು ಕಳಲೆ ಹಾಕುವುದು ಬಿಸಿಯೂ ತೇವವೂ ಇರುವ ತಿಂಗಳುಗಳಲ್ಲಿ. ಆ ಹೊತ್ತಿನಲ್ಲಿ ಬುಡದ ಸುತ್ತ ಅಗೆಯಬೇಡಿ, ತುಳಿಯಬೇಡಿ. ಕಳಲೆಯ ತುದಿ ಮುರಿದರೆ ಆ ಬೊಂಬಿನ ಕಥೆ ಅಲ್ಲಿಗೇ ಮುಗಿಯಿತು.

ಸವರುವುದು: ಅಂದ ಬರುವುದು ಇಲ್ಲಿಂದ

ಅಲಂಕಾರಕ್ಕೆ ನೆಟ್ಟ ಬಿದಿರು ಕಾಡುಮೆಳೆಯಂತೆ ಕಾಣಲು ಕಾರಣ ಒಂದೇ, ಯಾರೂ ಅದನ್ನು ಸವರಿಲ್ಲ. ಮೂರನೇ ವರ್ಷದಿಂದ ವರ್ಷಕ್ಕೊಮ್ಮೆ ಅರ್ಧ ದಿನ ಕೊಟ್ಟರೆ ಒಂದು ಮೆಳೆ ಪೂರ್ತಿ ಬದಲಾಗುತ್ತದೆ. ಇದಕ್ಕೆ ಸರಿಯಾದ ಕಾಲ ಕಳಲೆಯ ಕಾಲ ಮುಗಿದು, ಹೊಸ ಬೊಂಬು ಗಟ್ಟಿಯಾದ ಮೇಲೆ ಬರುವ ಒಣ ತಿಂಗಳುಗಳು.

ಮೊದಲು ಯಾವುದು ಹಳೆಯದು, ಯಾವುದು ಹೊಸದು ಎಂದು ಗುರುತಿಸಿ. ಹೊಸ ಬೊಂಬಿನ ಗೆಣ್ಣಿನ ಕೆಳಗೆ ಬಿಳಿ ಹುಡಿ ಇರುತ್ತದೆ, ಹೆಬ್ಬೆರಳಲ್ಲಿ ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಬುಡದಲ್ಲಿ ಕಳಲೆಯ ಒಣ ಹಾಳೆ ಇನ್ನೂ ಅಂಟಿಕೊಂಡಿರುತ್ತದೆ. ಎರಡು ಮೂರು ವರ್ಷದ್ದು ನುಣುಪಾಗಿ, ಬಣ್ಣ ತುಂಬಿ ಹೊಳೆಯುತ್ತದೆ. ನಾಲ್ಕು ದಾಟಿದ್ದು ಮಂಕಾಗಿ, ಬೂದು ಚುಕ್ಕೆ, ಹಾವಸೆ ಹತ್ತಿಸಿಕೊಂಡಿರುತ್ತದೆ. ಹೊಸ ಬೊಂಬು ಹುಟ್ಟಿದಾಗಲೇ ಬಣ್ಣದ ದಾರ ಕಟ್ಟಿಟ್ಟರೆ ಅನುಮಾನವೇ ಬೇಡ, ವರ್ಷಕ್ಕೊಂದು ಬಣ್ಣ.

ತೆಗೆಯಬೇಕಾದ್ದು ಒಣಗಿದ್ದು, ಮುರಿದದ್ದು, ಕಡ್ಡಿಯಂಥ ತೆಳುವಾದದ್ದು, ನಾಲ್ಕು ವರ್ಷ ದಾಟಿದ್ದು. ಒಂದೇ ವರ್ಷ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಬೇಡ. ಮೆಳೆಯಲ್ಲಿ ಹಳೆ ಬೊಂಬು ನಡುವಿನಲ್ಲಿ, ಹೊಸದು ಅಂಚಿನಲ್ಲಿ ಇರುತ್ತದೆ. ಅಂಚಿನದನ್ನು ಕಡಿಯುವುದು ಸುಲಭ ಎಂದು ಅದನ್ನೇ ಕಡಿದರೆ ಮೆಳೆಯ ಭವಿಷ್ಯವೇ ಹೋಯಿತು. ಅದಕ್ಕೇ ಕಾಣದ ಒಂದು ಬದಿಯಿಂದ ಲಾಳದ ಆಕಾರದಲ್ಲಿ ಒಳಕ್ಕೆ ದಾರಿ ಬಿಡಿಸಿಕೊಂಡು, ನಡುವಿನ ಹಳೆಯವನ್ನು ತೆಗೆಯಿರಿ.

ಕಡಿಯುವ ಜಾಗ ಮುಖ್ಯ. ನೆಲಕ್ಕೆ ಹತ್ತಿರದ ಒಂದು ಗೆಣ್ಣನ್ನು ಆರಿಸಿ, ಅದರ ಮೇಲೆ ಒತ್ತಿ ಕೊಯ್ಯಿರಿ. ಗೆಣ್ಣಿನೊಳಗೆ ಅಡ್ಡ ಗೋಡೆ ಇರುತ್ತದೆ, ಹಾಗೆ ಕೊಯ್ದರೆ ಮೇಲೆ ಗುಳಿ ಉಳಿಯುವುದಿಲ್ಲ. ನಾಲ್ಕು ಇಂಚು ಬಿಟ್ಟು ಕಡಿದರೆ ಅದು ಲೋಟದಂತಾಗಿ ಮಳೆನೀರು ನಿಂತು ಕೊಳೆಯುತ್ತದೆ, ಸೊಳ್ಳೆಯೂ ಮರಿ ಮಾಡುತ್ತದೆ. ಸಣ್ಣ ಹಲ್ಲಿನ ಗರಗಸ ಬಳಸಿ. ಮಚ್ಚಿನಲ್ಲಿ ಓರೆಯಾಗಿ ಕಡಿದ ಮೋಟು ಈಟಿಯಷ್ಟು ಚೂಪಾಗಿ ಕಾಲಿಗೆ ಚುಚ್ಚುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಇರಲಿ, ಕಳಲೆ ಹಾಳೆಯ ಮೇಲಿನ ಕಪ್ಪು ಸುಂಕು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತದೆ.

ಕೊನೆಗೆ ಉಳಿದ ಬೊಂಬುಗಳ ಕೆಳಗಿನ ಟೊಂಗೆಗಳನ್ನು ಎದೆಮಟ್ಟದವರೆಗೆ ಬುಡಕ್ಕೆ ಒತ್ತಿ ಕತ್ತರಿಸಿ. ಆಗ ಹಳದಿಯೋ ಕಪ್ಪೋ, ನೀವು ಯಾವ ಬಣ್ಣಕ್ಕೆ ಆಸೆಪಟ್ಟು ತಂದಿದ್ದೀರೋ ಅದು ಎದ್ದು ಕಾಣುತ್ತದೆ. ಬೊಂಬುಗಳ ನಡುವೆ ಬೆಳಕು ಹಾಯಬೇಕು. ಮರೆಗಾಗಿ ಬೆಳೆಸಿದ ಸಾಲಿನಲ್ಲಿ ಮಾತ್ರ ಕೆಳಗಿನ ಟೊಂಗೆ ಬಿಡಿ. ಎತ್ತರ ಕಮ್ಮಿ ಮಾಡಬೇಕಿದ್ದರೆ ಬೇಕಾದ ಮಟ್ಟದಲ್ಲಿ ಗೆಣ್ಣಿನ ಮೇಲೆ ತುದಿ ಕತ್ತರಿಸಬಹುದು. ಆ ಬೊಂಬು ಮತ್ತೆ ಎತ್ತರವಾಗುವುದಿಲ್ಲ, ಆದರೆ ಮುಂದಿನ ವರ್ಷದ ಹೊಸದನ್ನೂ ಹಾಗೇ ಕತ್ತರಿಸಬೇಕು.

ಕುಂಡದಲ್ಲಿ

ಒಂದೂವರೆಯಿಂದ ಎರಡಡಿ ಅಗಲದ, ನೇರ ಗೋಡೆಯ ಕುಂಡ ತನ್ನಿ. ಹೊಟ್ಟೆ ದಪ್ಪಗಿದ್ದು ಬಾಯಿ ಕಿರಿದಾದದ್ದರಿಂದ ಗಿಡ ತೆಗೆಯಲು ಕುಂಡ ಒಡೆಯಬೇಕಾಗುತ್ತದೆ. ಬೇಸಿಗೆಯಲ್ಲಿ ದಿನಾ ನೀರು ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಬೇರು ತುಂಬಿ ಕುಂಡವೇ ಬಿರಿಯುವಂತಾಗುತ್ತದೆ. ಆಗ ಗಿಡ ಹೊರತೆಗೆದು, ಗರಗಸದಲ್ಲಿ ಬೇರುಂಡೆಯನ್ನು ಎರಡು ಭಾಗ ಮಾಡಿ, ಒಂದನ್ನು ಹೊಸ ಮಣ್ಣಿನೊಂದಿಗೆ ಮತ್ತೆ ಕೂರಿಸಿ.

ಓಡುವ ಬಿದಿರೇ ಬೇಕೆಂದರೆ

ಬಂದೋಬಸ್ತು ಮೊದಲು, ಸಸಿ ಆಮೇಲೆ. ಎರಡರಿಂದ ಎರಡೂವರೆ ಅಡಿ ಆಳದ ಕಾಲುವೆ ತೋಡಿ, ಒಂದೂವರೆ ಮಿಲಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ನಿಲ್ಲಿಸಬೇಕು. ಹಾಳೆಯ ಮೇಲಂಚು ನೆಲದಿಂದ ಎರಡಿಂಚು ಮೇಲೆ, ಸ್ವಲ್ಪ ಹೊರಕ್ಕೆ ವಾಲಿರಲಿ. ತಾಗಿದ ಗೆಡ್ಡೆ ಆಗ ಮೇಲಕ್ಕೆ ತಿರುಗಿ ಕಣ್ಣಿಗೆ ಬೀಳುತ್ತದೆ, ಕತ್ತರಿಸಬಹುದು. ಎರಡು ತುದಿ ಸೇರುವ ಕಡೆ ಸಂದು ಇದ್ದರೆ ಅಲ್ಲಿಂದಲೇ ನುಸುಳುತ್ತದೆ. ವರ್ಷಕ್ಕೆ ಎರಡು ಸಲ ಸುತ್ತು ಹಾಕಿ ನೋಡುವುದು ತಪ್ಪುವಂತಿಲ್ಲ. ಫಿಲ್ಲೋಸ್ಟ್ಯಾಕಿಸ್ ಔರಿಯಾ ಎಂಬ ಬಂಗಾರ ಬಿದಿರು ಹೀಗೆ ಹಬ್ಬಿದ ಕಾರಣಕ್ಕೇ ಅಮೆರಿಕದ ನ್ಯೂಯಾರ್ಕ್ ರಾಜ್ಯ 2015ರಿಂದ ಅದರ ಮಾರಾಟ ನಿಷೇಧಿಸಿದೆ. ನಿಮ್ಮಲ್ಲಿನ ನಿಯಮ ಏನೆಂದು ವಿಚಾರಿಸಿಕೊಳ್ಳಿ.

ಹುಳ, ರೋಗ

ಬಿದಿರಿಗೆ ತೊಂದರೆ ಕಮ್ಮಿ. ಹಿಟ್ಟು ತಿಗಣೆ, ಗಿಡಹೇನು ಹತ್ತಿದರೆ ಎಲೆ ಅಂಟಂಟಾಗಿ ಕಪ್ಪು ಬೂಷ್ಟು ಕೂರುತ್ತದೆ. ಮೆಳೆ ಸವರಿ ಗಾಳಿಯಾಡಿಸಿ, ಜೋರಾಗಿ ನೀರು ಹಾಯಿಸಿ. ಆಗಲೂ ಹೋಗದಿದ್ದರೆ ಸಂಜೆ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ನೀರಿಗೆ ಬೆರೆಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಎಲೆಯ ಮೇಲೆ ಬಿಳಿ ಚೌಕ ಚುಕ್ಕೆಗಳು, ಕೆಳಗೆ ತೆಳು ಬಲೆ ಕಂಡರೆ ಅದು ನುಸಿ. ತುಂಬ ಹತ್ತಿದ ಬೊಂಬನ್ನು ಬುಡದಲ್ಲೇ ತೆಗೆದುಬಿಡಿ.

ಗಿಡ ಹೆಚ್ಚಿಸುವುದು

ಭದ್ರವಾದ ದಾರಿ ಮೆಳೆಯಿಂದ ಪಾಲು ತೆಗೆಯುವುದು. ಮಳೆಗೆ ಮುಂಚೆ, ಅಂಚಿನಲ್ಲಿರುವ ಒಂದೆರಡು ವರ್ಷದ ಬೊಂಬನ್ನು ಮೂರಡಿಗೆ ಮೊಟಕು ಮಾಡಿ, ಅದರ ಗೆಡ್ಡೆ ತಾಯಿಗೆ ಸೇರುವ ಕತ್ತನ್ನು ಗರಗಸದಲ್ಲಿ ಕೊಯ್ದು, ಬೇರು ಸಮೇತ ಎತ್ತಿ. ಗೆಡ್ಡೆಯ ಮೇಲಿನ ಮೊಗ್ಗಿಗೆ ಪೆಟ್ಟಾಗಬಾರದು, ಬೇರು ಒಂದು ಗಳಿಗೆಯೂ ಒಣಗಬಾರದು. ವಲ್ಗ್ಯಾರಿಸ್‌ನಂಥ ದಪ್ಪ ಗೋಡೆಯ ಜಾತಿಗಳಿಗೆ ಇಷ್ಟು ಶ್ರಮವೂ ಬೇಡ. ಎರಡು ಗೆಣ್ಣಿರುವ ಬೊಂಬಿನ ತುಂಡನ್ನು ಮಡಿಯಲ್ಲಿ ಅಡ್ಡ ಮಲಗಿಸಿ ಎರಡಿಂಚು ಮಣ್ಣು ಮುಚ್ಚಿ ತೇವ ಕಾಪಾಡಿದರೆ ಗೆಣ್ಣಿನಿಂದ ಚಿಗುರು, ಬೇರು ಬರುತ್ತವೆ.

ಹೂ ಬಂದರೆ

ಹಲವು ಜಾತಿಗಳು ದಶಕಗಳಿಗೊಮ್ಮೆ ಹೂ ಬಿಟ್ಟು ಸಾಯುತ್ತವೆ. ಮೆಲೊಕಾನಾ ಬ್ಯಾಕ್ಸಿಫೆರಾ ಎಂಬುದಕ್ಕೆ ಸುಮಾರು 48 ವರ್ಷಕ್ಕೊಮ್ಮೆ, ಫಿಲ್ಲೋಸ್ಟ್ಯಾಕಿಸ್ ಬ್ಯಾಂಬುಸಾಯ್ಡಿಸ್‌ಗೆ ಸುಮಾರು 120 ವರ್ಷಕ್ಕೊಮ್ಮೆ. ಒಂದೇ ತಾಯಿಮೆಳೆಯಿಂದ ಬಂದ ಗಿಡಗಳು ದೂರದೂರ ಇದ್ದರೂ ಹೆಚ್ಚುಕಮ್ಮಿ ಒಟ್ಟಿಗೇ ಹೂ ಬಿಡುತ್ತವೆ. ನಿಮ್ಮ ಮೆಳೆಯಲ್ಲಿ ಒಂದೆರಡು ಬೊಂಬಿಗೆ ಮಾತ್ರ ತೆನೆ ಬಂದಿದ್ದರೆ ಅವನ್ನು ಕಡಿದು, ನೀರು ಗೊಬ್ಬರ ಕೊಟ್ಟು ಕಾದು ನೋಡಿ. ಕೆಲವು ಮೆಳೆ ಉಳಿದುಕೊಳ್ಳುತ್ತವೆ. ಪೂರ್ತಿ ಹೂವಾದರೆ ಅದೇ ಮೂಲದ ಪಾಲನ್ನು ಮತ್ತೆ ತರಬೇಡಿ. ಬೀಜ ಕಟ್ಟಿದರೆ ಕೂಡಲೇ ಬಿತ್ತಿ, ಬಿದಿರಿನ ಬೀಜ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.